ಅನ್ನದ ಗುಡ್ಡೆ, ಪಲ್ಯದ ಚಮಚ

ಮೊನ್ನೆ ಭಾನುವಾರ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಊಟದ ಬಗ್ಗೆ ಒಂದು ಗಂಟೆ ಮಾತಾಡಿದ್ದೆ. ಬರಕ್ಕಾಗದವರು ಬರೆದು ಕೊಡಿ ಅಂತ ಕೇಳಿದ್ರು, ಅದಕ್ಕೆ ಮಾತಾಡಿದ ಹಾಗೇ ಬರೆದಿದೀನಿ, ಕೊನೇಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದೀನಿ.

ಎಲ್ರಿಗೂ ನಮಸ್ಕಾರ. ಮಾತು ಶುರು ಮಾಡೋ ಮುಂಚೆ ಒಂದು ಸಣ್ಣ ಕೆಲಸ ಮಾಡೋಣ. ಇಲ್ಲಿ ಟೇಬಲ್ ಮೇಲೆ ಅಡುಗೆಮನೆ ತಕ್ಕಡಿ ಇದೆ, ಸ್ಟೀಲ್ ತಟ್ಟೆ ಇದೆ, ಇವತ್ತಿನ ಮಧ್ಯಾಹ್ನದ ಊಟಕ್ಕೆ ಮಾಡಿರೋ ಅನ್ನ, ಬೀನ್ಸ್ ಪಲ್ಯ, ಬೇಳೆ ಸಾರು ಇದೆ. ಯಾರಾದ್ರೂ ಒಬ್ರು ಮುಂದೆ ಬಂದು ನಿಮ್ಮನೇಲಿ ದಿನಾ ಹೇಗೆ ಬಡಿಸ್ಕೋತೀರೋ ಹಾಗೇ ಬಡಿಸ್ಕೊಳ್ಳಿ, ನಾಚ್ಕೋಬೇಡಿ, ಕಮ್ಮಿನೂ ಮಾಡ್ಬೇಡಿ.

(ಮುಂದಿನ ಸಾಲಲ್ಲಿದ್ದ ನಿವೃತ್ತ ಮೇಷ್ಟ್ರೊಬ್ರು ಎದ್ದು ಬಂದ್ರು. ಎರಡು ಸೌಟು ಅನ್ನ ಹಾಕ್ಕೊಂಡ್ರು, ಸಾಲಲ್ಲ ಅಂತ ಇನ್ನೊಂದು ಸೌಟು ಹಾಕ್ಕೊಂಡ್ರು, ತಟ್ಟೆ ಅಂಚಲ್ಲಿ ಒಂದು ಚಮಚ ಪಲ್ಯ, ಮೇಲಿಂದ ಸಾರು. ಸಾರು ಹಾಕೋಕೆ ಮುಂಚೆ ಅನ್ನ ತೂಗಿದ್ವಿ, 410 ಗ್ರಾಂ. ಪಲ್ಯ 35 ಗ್ರಾಂ.)

ನೋಡಿ, ಈ ಎರಡು ನಂಬರ್ ನೆನಪಿಟ್ಕೊಳ್ಳಿ. 410, 35. ಇವತ್ತಿನ ನನ್ನ ಮಾತು ಪೂರ್ತಿ ಈ ಎರಡು ನಂಬರ್ ಬಗ್ಗೆನೇ. ಮೇಷ್ಟ್ರು ಬಡಿಸ್ಕೊಳ್ತಾ ನನ್ನ ಹತ್ರ ಒಂದು ಮಾತು ಕೇಳಿದ್ರು, ನಿಮಗೆ ಹಿಂದೆ ಕೇಳಿಸಿರಲಿಕ್ಕಿಲ್ಲ, ಅವರ ಅಪ್ಪಣೆ ತಗೊಂಡೇ ಹೇಳ್ತಿದೀನಿ. "ಹುಟ್ಟಿದಾಗಿಂದ ಮೊಟ್ಟೆನೂ ಮುಟ್ಟಿಲ್ಲ ಮೇಡಂ, ಬೀಡಿ ಸಿಗರೇಟು ಇಲ್ಲ, ಆದ್ರೂ 12 ವರ್ಷದಿಂದ ಶುಗರ್ ಇದೆ, ಹೋದ ವರ್ಷ ಹಾರ್ಟ್‌ಗೆ ಸ್ಟೆಂಟ್ ಬೇರೆ ಹಾಕಿದ್ರು, ಗಿಡದ ಊಟ ಒಳ್ಳೇದು ಅಂತೀರಲ್ಲ, ನಾನು ತಿಂದಿದ್ದು ಮತ್ತೇನು?" 22 ವರ್ಷದಿಂದ ಡಯಟೀಷಿಯನ್ ಕೆಲಸ ಮಾಡ್ತಿದೀನಿ, ಈ ಪ್ರಶ್ನೆ ನಂಗೆ ವಾರಕ್ಕೊಂದು ಸಲನಾದ್ರೂ ಬರುತ್ತೆ. ಕೇಳೋರ ಮುಖದಲ್ಲಿ ಮೋಸ ಹೋದ ಥರದ ನೋವು ಇರುತ್ತೆ. ಇಷ್ಟು ವರ್ಷ ಶಿಸ್ತಾಗಿದ್ದೆ, ಆದ್ರೂ ನಂಗೇ ಯಾಕೆ ಅಂತ. ಅವರಿಗೆ ಸರಿಯಾದ ಉತ್ತರ ಕೊಡ್ಬೇಕು ಅನ್ನೋದೇ ನಾನು ಇವತ್ತು ಬಂದಿರೋ ಕಾರಣ.

ಮೊದಲೇ ಒಂದು ವಿಷಯ ಸ್ಪಷ್ಟ ಮಾಡ್ಬಿಡ್ತೀನಿ. ಇದು ಜಾತಿ ಮಾತಲ್ಲ, ಧರ್ಮದ ಮಾತಲ್ಲ. ನಮ್ಮೂರು ತುಮಕೂರು ಕಡೆ, ನಮ್ಮನೇಲಿ ಹಬ್ಬಕ್ಕೆ ಬಾಡೂಟ ಆಗುತ್ತೆ, ನಾನೂ ತಿಂತೀನಿ. ಆದ್ರೆ ನಮ್ಮಜ್ಜಿ ಕಾಲದಲ್ಲಿ ಬಾಡು ಅಂದ್ರೆ ತಿಂಗಳಿಗೆ ಒಂದೋ ಎರಡೋ ಸಲ, ಉಳಿದ ದಿನ ಎಲ್ಲ ಮುದ್ದೆ, ಕಾಳು, ಸೊಪ್ಪು, ಹೊಲದ ಬದುವಲ್ಲಿ ಬೆಳೆದ ಬೆರಕೆ ಸೊಪ್ಪು. ಅವರು ಮಾಂಸಾಹಾರಿ ಅಂತ ಲೆಕ್ಕ, ತಿಂತಿದ್ದಿದ್ದು ಮಾತ್ರ ನೂರಕ್ಕೆ ತೊಂಬತ್ತು ಪಾಲು ಗಿಡದ್ದೇ. ಈಗ ಅದೇ ಊರಲ್ಲಿ ಪಕ್ಕಾ ವೆಜ್ ಮನೆಯವರು ಬೆಳಗ್ಗೆ ಮೈದಾ ಬ್ರೆಡ್, ಮಧ್ಯಾಹ್ನ ಬಿಳಿ ಅನ್ನ, ಸಂಜೆ ಬಿಸ್ಕತ್ತು ಸಕ್ಕರೆ ಹಾಕಿದ ಟೀ, ರಾತ್ರಿ ಗೋಬಿ ಮಂಚೂರಿ ತಿಂದ್ರೆ ಅದೂ ಗಿಡದ ಊಟವೇ ಲೆಕ್ಕದಲ್ಲಿ. ಸಕ್ಕರೆ ಕಬ್ಬಿಂದೇ ಬಂದಿದ್ದು, ಮೈದಾ ಗೋಧಿಯಿಂದೇ ಬಂದಿದ್ದು, ವನಸ್ಪತಿ ಎಣ್ಣೆಯಿಂದೇ ಬಂದಿದ್ದು. ವೆಜ್ ಅನ್ನೋ ಹಸಿರು ಚುಕ್ಕೆ ತಟ್ಟೇಲಿ ಏನಿಲ್ಲ ಅಂತ ಹೇಳುತ್ತೆ ಅಷ್ಟೆ, ಏನಿದೆ ಅಂತ ಹೇಳಲ್ಲ.

ಇದನ್ನ ಚೆನ್ನಾಗಿ ತೋರಿಸಿದ ಒಂದು ದೊಡ್ಡ ಅಧ್ಯಯನ ಇದೆ. ಅಮೆರಿಕದ ಹಾರ್ವರ್ಡ್‌ನಲ್ಲಿ ಅಂಬಿಕಾ ಸತೀಜಾ ಅನ್ನೋ ಸಂಶೋಧಕಿ, ಫ್ರಾಂಕ್ ಹು ಮತ್ತೆ ಅವರ ಜೊತೆಯವರು ಸೇರ್ಕೊಂಡು ನರ್ಸ್‌ಗಳು, ಡಾಕ್ಟರ್‌ಗಳು ಹೀಗೆ ಆರೋಗ್ಯ ಕ್ಷೇತ್ರದಲ್ಲೇ ಕೆಲಸ ಮಾಡೋ ಸುಮಾರು 2 ಲಕ್ಷ ಜನ ಏನು ತಿಂತಾರೆ ಅನ್ನೋದರ ದಶಕಗಳ ಲೆಕ್ಕ ತೆಗೆದು ನೋಡಿದ್ರು. 2016ರಲ್ಲಿ ಡಯಾಬಿಟಿಸ್ ಬಗ್ಗೆ, 2017ರಲ್ಲಿ ಹೃದಯದ ಬಗ್ಗೆ ಪ್ರಕಟ ಮಾಡಿದ್ರು. ಅವರು ಮಾಡಿದ ಜಾಣತನದ ಕೆಲಸ ಏನಂದ್ರೆ, ಗಿಡದ ಊಟನ ಎರಡು ಭಾಗ ಮಾಡಿದ್ರು. ಇಡೀ ಧಾನ್ಯ, ಕಾಳು, ತರಕಾರಿ, ಹಣ್ಣು, ಕಡಲೆಬೀಜ ಬಾದಾಮಿ ಥರದ್ದು ಒಂದು ಕಡೆ. ಪಾಲಿಶ್ ಮಾಡಿದ ಧಾನ್ಯ, ಆಲೂಗಡ್ಡೆ ಚಿಪ್ಸ್, ಸಿಹಿ ಪಾನೀಯ, ಸ್ವೀಟು ಇನ್ನೊಂದು ಕಡೆ. ಮೊದಲನೇ ಥರದ ಗಿಡದ ಊಟ ಹೆಚ್ಚು ತಿಂದವರಲ್ಲಿ ಡಯಾಬಿಟಿಸ್ ಬರೋ ಅಪಾಯ 34% ಕಮ್ಮಿ, ಹೃದಯದ ರಕ್ತನಾಳದ ಕಾಯಿಲೆ 25% ಕಮ್ಮಿ. ಎರಡನೇ ಥರದ ಗಿಡದ ಊಟ ಹೆಚ್ಚು ತಿಂದವರಲ್ಲಿ ಡಯಾಬಿಟಿಸ್ 16% ಜಾಸ್ತಿ, ಹೃದಯದ ಕಾಯಿಲೆ 32% ಜಾಸ್ತಿ. ಎರಡೂ ಗಿಡದ್ದೇ. ಮೇಷ್ಟ್ರೇ, ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ.

ಇನ್ನರ್ಧ ಉತ್ತರ ಆ 410 ಗ್ರಾಂನಲ್ಲಿದೆ. 21 ದೇಶಗಳ 1.32 ಲಕ್ಷ ಜನರನ್ನ ಸರಾಸರಿ ಒಂಬತ್ತು ವರ್ಷಕ್ಕೂ ಮೇಲ್ಪಟ್ಟು ನೋಡಿ 2020ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ದಿನಕ್ಕೆ 450 ಗ್ರಾಂಗಿಂತ ಹೆಚ್ಚು ಬೇಯಿಸಿದ ಬಿಳಿ ಅನ್ನ ತಿನ್ನೋರನ್ನ 150 ಗ್ರಾಂಗಿಂತ ಕಮ್ಮಿ ತಿನ್ನೋರ ಜೊತೆ ಹೋಲಿಸಿದ್ರು. ಒಟ್ಟಾರೆ ಡಯಾಬಿಟಿಸ್ ಅಪಾಯ 20% ಜಾಸ್ತಿ ಕಾಣ್ತು. ನಮ್ಮ ದಕ್ಷಿಣ ಏಷ್ಯಾ ಒಂದನ್ನೇ ತಗೊಂಡ್ರೆ 61% ಜಾಸ್ತಿ. ಅದು ಇಡೀ ದಿನದ ಲೆಕ್ಕ, ನಾವು ಇಲ್ಲಿ ತೂಗಿದ್ದು ಒಂದು ಹೊತ್ತಿನ ತಟ್ಟೆ. ಬೆಳಗ್ಗೆ ಇಡ್ಲಿ ದೋಸೆ ಚಿತ್ರಾನ್ನ, ರಾತ್ರಿ ಮತ್ತೆ ಅನ್ನ, ಎಲ್ಲ ಅಕ್ಕಿನೇ. ನಮ್ಮ ಮೈ ಬೇರೆ ಸ್ವಲ್ಪ ಸೂಕ್ಷ್ಮ, ತೂಕ ಹೆಚ್ಚಿಲ್ಲದಿದ್ರೂ ಹೊಟ್ಟೆ ಸುತ್ತ ಕೊಬ್ಬು ಕೂರುತ್ತೆ, ಬೇರೆ ದೇಶದವರಿಗಿಂತ ಚಿಕ್ಕ ವಯಸ್ಸಲ್ಲೇ ಶುಗರ್ ಬರುತ್ತೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮಾಡಿಸಿದ ದೇಶದ ಸಮೀಕ್ಷೆ 2023ರಲ್ಲಿ ಹೇಳಿದ ಪ್ರಕಾರ ಭಾರತದಲ್ಲಿ ಡಯಾಬಿಟಿಸ್ ಇರೋರು 10.1 ಕೋಟಿ, ಇನ್ನೇನು ಬರೋ ಹಂತದಲ್ಲಿರೋರು 13.6 ಕೋಟಿ. ಕರ್ನಾಟಕದ ಜನಸಂಖ್ಯೆ ಎಷ್ಟು ಅಂತ ನೆನೆಸ್ಕೊಂಡು ಆ ನಂಬರ್ ನೋಡಿ, ಎದೆ ಝಲ್ ಅನ್ನುತ್ತೆ.

ಅನ್ನ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಹಾಗೆ ತಗೋಬೇಡಿ. ಗದ್ದೇಲಿ ನಾಟಿ ಮಾಡಿ, ಕಳೆ ಕಿತ್ತು ಸಂಜೆ ಮನೆಗೆ ಬರೋನಿಗೆ ಆ 410 ಗ್ರಾಂ ಅನ್ನ ಕರಗೋಗುತ್ತೆ. ಕುರ್ಚಿ ಮೇಲೆ ಎಂಟು ಗಂಟೆ ಕೂರೋ ನಮಗೆ ಕರಗಲ್ಲ. ಮತ್ತೆ ಅಕ್ಕಿನೂ ಬದಲಾಗಿದೆ. ಮಂಗಳೂರು ಉಡುಪಿ ಕಡೆ ಕೆಂಪು ಕುಚ್ಚಲಕ್ಕಿ ಗಂಜಿ ಕುಡಿದು ಬೆಳೆದವರಿಗೆ ಗೊತ್ತಿರುತ್ತೆ, ಆ ಅಕ್ಕಿ ಬೇಯೋಕೆ ಎಷ್ಟು ಹೊತ್ತು ಬೇಕು ಅಂತ, ಅದರ ಮೇಲಿನ ತೌಡಿನ ಪದರ ಪೂರ್ತಿ ಹೋಗಿರಲ್ಲ. ನಾರು, ಬಿ1 ವಿಟಮಿನ್ ಎಲ್ಲ ಇರೋದು ಆ ತೌಡಲ್ಲೇ. ನಮ್ಮ ದೇಶಕ್ಕೆ ಊಟದ ಲೆಕ್ಕ ಹೇಳಿಕೊಡೋ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹುಟ್ಟಿದ್ದು 1918ರಲ್ಲಿ ಕೂನೂರಿನಲ್ಲಿ, ರಾಬರ್ಟ್ ಮೆಕ್‌ಕ್ಯಾರಿಸನ್ ಕೈಯಲ್ಲಿ, ಬೆರಿಬೆರಿ ಕಾಯಿಲೆ ಬಗ್ಗೆ ತಿಳ್ಕೊಳ್ಳೋಕೆ ಅಂತ ತೆರೆದ ಒಂದೇ ಕೋಣೆಯ ಘಟಕವಾಗಿ. ಪಾಲಿಶ್ ಮಾಡಿದ ಅಕ್ಕಿನೇ ನಂಬ್ಕೊಂಡಿದ್ದ ಜನಕ್ಕೆ ಬಿ1 ಇಲ್ಲದೆ ಕಾಲು ಸೋತು, ಹೃದಯ ಸೋತು ಬರ್ತಿದ್ದ ಕಾಯಿಲೆ ಅದು. ನೂರು ವರ್ಷದ ಹಿಂದೆನೂ ಅಕ್ಕಿ ಪಾಲಿಶ್, ಇವತ್ತೂ ಅಕ್ಕಿ ಪಾಲಿಶ್.

ಈಗ ಆ 35 ಗ್ರಾಂ ಕಡೆ ಬರೋಣ. ಅದೇ ಸಂಸ್ಥೆ 2024ರಲ್ಲಿ ಹೊಸ ಮಾರ್ಗಸೂಚಿ ಕೊಟ್ಟಿದೆ. 2000 ಕ್ಯಾಲೊರಿ ಬೇಕಾದವರಿಗೆ ದಿನಕ್ಕೆ 400 ಗ್ರಾಂ ತರಕಾರಿ ಸೊಪ್ಪು, 100 ಗ್ರಾಂ ಹಣ್ಣು, ಧಾನ್ಯ 250 ಗ್ರಾಂ, ಬೇಳೆ ಕಾಳು 85 ಗ್ರಾಂ, ಬೀಜಗಳು 35 ಗ್ರಾಂ, ಹಾಲು 300 ಎಂಎಲ್, ಎಣ್ಣೆ ತುಪ್ಪ ಎಲ್ಲ ಸೇರಿ 27 ಗ್ರಾಂ. ಇದೆಲ್ಲ ಹಸಿ ತೂಕ. ಅಂದ್ರೆ ತೂಕದಲ್ಲಿ ತಟ್ಟೆಯ ಅರ್ಧದಷ್ಟು ತರಕಾರಿ ಸೊಪ್ಪು ಹಣ್ಣಿಂದ ತುಂಬಬೇಕು. ನಮ್ಮ ತಟ್ಟೇಲಿ ಪಲ್ಯ ಅನ್ನೋದು ಅನ್ನ ಇಳಿಸೋಕೆ ನಂಜಿಕೊಳ್ಳೋ ವಸ್ತು ಆಗ್ಬಿಟ್ಟಿದೆ. ಉಪ್ಪಿನಕಾಯಿ ಪಕ್ಕದಲ್ಲಿ ಉಪ್ಪಿನಕಾಯಿಯಷ್ಟೇ ಪಲ್ಯ.

ತಟ್ಟೇಲಿ ತರಕಾರಿ, ಸೊಪ್ಪು, ಕಾಳು ಹೆಚ್ಚಾದ್ರೆ ಮೈಯಲ್ಲಿ ಏನಾಗುತ್ತೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಕಾರಣ ಗೊತ್ತಾಗದೆ ಬರೀ ತಿನ್ನಿ ತಿನ್ನಿ ಅಂದ್ರೆ ಯಾರೂ ತಿನ್ನಲ್ಲ. ಕೊಲೆಸ್ಟ್ರಾಲ್ ತಗೊಳ್ಳಿ. ಗಿಡದಿಂದ ಬಂದ ಯಾವ ಪದಾರ್ಥದಲ್ಲೂ ಲೆಕ್ಕಕ್ಕೆ ಬರೋಷ್ಟು ಕೊಲೆಸ್ಟ್ರಾಲ್ ಇರಲ್ಲ, ಅದು ಒಂದು. ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ನಮ್ಮ ಲಿವರ್ ಜೀರ್ಣಕ್ಕೆ ಬೇಕಾದ ಪಿತ್ತರಸನ ಕೊಲೆಸ್ಟ್ರಾಲ್‌ನಿಂದಾನೇ ಮಾಡುತ್ತೆ. ಆ ಪಿತ್ತ ಕರುಳಿಗೆ ಇಳಿದು, ಕೆಲಸ ಮುಗಿಸಿ, ಬಹುಪಾಲು ಮತ್ತೆ ಲಿವರ್‌ಗೇ ವಾಪಸ್ ಹೋಗುತ್ತೆ. ಕಾಳು, ಓಟ್ಸ್, ಬೆಂಡೆಕಾಯಿ, ಸೀಬೆಹಣ್ಣು ಇದರಲ್ಲೆಲ್ಲ ಇರೋ ಲೋಳೆ ಥರದ ನಾರು, ಬೆಂಡೆಕಾಯಿ ಹೆಚ್ಚುವಾಗ ಕೈಗೆ ಅಂಟುತ್ತಲ್ಲ ಅಂಥದ್ದು, ಆ ಪಿತ್ತನ ಕರುಳಲ್ಲೇ ಹಿಡ್ಕೊಂಡು ಮಲದ ಜೊತೆ ಹೊರಗೆ ಕರ್ಕೊಂಡು ಹೋಗುತ್ತೆ. ಆಗ ಲಿವರ್‌ಗೆ ಹೊಸ ಪಿತ್ತ ಮಾಡ್ಲೇಬೇಕು, ಅದಕ್ಕೆ ರಕ್ತದಲ್ಲಿರೋ, ಕೆಟ್ಟದ್ದು ಅಂತ ಡಾಕ್ಟರ್ ಹೇಳೋ ಎಲ್‌ಡಿಎಲ್ ಕೊಲೆಸ್ಟ್ರಾಲ್‌ನ ಎಳ್ಕೊಳ್ಳುತ್ತೆ. ರಕ್ತದಲ್ಲಿ ಅದು ಇಳಿಯುತ್ತೆ. ಹುರಳಿಕಾಳು ಸಾರು ಮಾಡೋ ಕೆಲಸ ಇದು, ದಿನಾ, ಸದ್ದಿಲ್ಲದೆ.

ಶುಗರ್ ವಿಷಯನೂ ಹಾಗೆ. ಕಾಳಿನಲ್ಲಿರೋ ಪಿಷ್ಟ ಗಟ್ಟಿ ಗೋಡೆ ಇರೋ ಜೀವಕೋಶದ ಒಳಗೆ ಕೂತಿರುತ್ತೆ, ಬೆಂದ ಮೇಲೂ ಪೂರ್ತಿ ಒಡೆಯಲ್ಲ, ನಿಧಾನಕ್ಕೆ ಸಕ್ಕರೆ ಬಿಡುತ್ತೆ. ಟೊರಾಂಟೊದ ಡೇವಿಡ್ ಜೆಂಕಿನ್ಸ್ 1981ರಲ್ಲಿ ಗ್ಲೈಸೆಮಿಕ್ ಇಂಡೆಕ್ಸ್, ಅಂದ್ರೆ ಯಾವ ಪದಾರ್ಥ ರಕ್ತದ ಸಕ್ಕರೆನ ಎಷ್ಟು ಏರಿಸುತ್ತೆ ಅನ್ನೋ ಅಳತೆ ಕಂಡುಹಿಡಿದಾಗ ಪಟ್ಟೀಲಿ ಕೆಳಗೆ ಬಂದಿದ್ದು ಕಾಳುಗಳೇ. ಇನ್ನೊಂದು ಚಂದದ ಸಂಗತಿ ಅಂದ್ರೆ ಬೆಳಗ್ಗೆ ಕಾಳು ತಿಂದ್ರೆ ಮಧ್ಯಾಹ್ನದ ಊಟದ ಶುಗರ್ ಏರಿಕೆನೂ ಸ್ವಲ್ಪ ತಗ್ಗುತ್ತೆ.

ಆಮೇಲೆ ಕರುಳು. ನಾವು ಜೀರ್ಣ ಮಾಡ್ಕೊಳ್ಳಕ್ಕಾಗದ ನಾರನ್ನ ದೊಡ್ಡ ಕರುಳಲ್ಲಿರೋ ಬ್ಯಾಕ್ಟೀರಿಯಾ ತಿಂದು ಬ್ಯುಟಿರೇಟ್ ಅನ್ನೋ ಪದಾರ್ಥ ಮಾಡಿಕೊಡುತ್ತೆ, ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಮುಖ್ಯ ಆಹಾರನೇ ಅದು. ಡೆನಿಸ್ ಬರ್ಕಿಟ್ ಅನ್ನೋ ಐರಿಶ್ ಸರ್ಜನ್ ಉಗಾಂಡಾದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು, ಹಳ್ಳಿ ಊಟ ತಿನ್ನೋ ಅಲ್ಲಿಯ ಜನಕ್ಕೆ ಯುರೋಪಿನಲ್ಲಿ ಮಾಮೂಲಾಗಿದ್ದ ಕರುಳಿನ ಕಾಯಿಲೆಗಳು ಅಪರೂಪ ಅಂತ ಗಮನಿಸಿ ನಾರಿನ ಬಗ್ಗೆ ಜಗತ್ತಿಗೆ ಹೇಳಿದ್ರು, 1970ರ ದಶಕದಲ್ಲಿ. ಉಗಾಂಡಾ ಅಂದಾಗ ನಂಗೆ ಇನ್ನೊಂದು ನೆನಪಾಗುತ್ತೆ. ನಮ್ಮ ರಾಗಿ ತವರು ಕೂಡ ಅದೇ ಕಡೆ, ಇಥಿಯೋಪಿಯಾ ಉಗಾಂಡಾ ಎತ್ತರದ ಭೂಮಿ. ಸಾವಿರಾರು ವರ್ಷದ ಹಿಂದೆ ಇಲ್ಲಿಗೆ ಬಂತು. ನಮ್ಮ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರ್ಮ್‌ನಲ್ಲಿ ರಾಗಿ ಲಕ್ಷ್ಮಣಯ್ಯನವರು ಆಫ್ರಿಕಾ ರಾಗಿನೂ ಇಲ್ಲಿಯ ರಾಗಿನೂ ಕೂಡಿಸಿ ಇಂಡಾಫ್ ತಳಿಗಳನ್ನ ಮಾಡಿದ್ರು, ಇಂಡಿಯಾದ ಇಂಡ್, ಆಫ್ರಿಕಾದ ಆಫ್. ನಮ್ಮ ರೈತರ ಇಳುವರಿ ಏರಿಸಿದ ಆ ಮನುಷ್ಯನ ಹೆಸರು ಪ್ರತಿ ಮನೆಯ ಮುದ್ದೆ ಪಾತ್ರೆ ಹತ್ರ ನೆನೀಬೇಕು ಅನ್ಸುತ್ತೆ ನಂಗೆ.

ರಾಗಿ ವಿಷಯ ಬಂತಲ್ಲ, ರಾಗಿ ತಿಂದವ ನಿರೋಗಿ ಅಂತ ಗಾದೆ ಇದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ, ಯಾವ ಧಾನ್ಯದಲ್ಲೂ ಇಷ್ಟಿಲ್ಲ, ಅಷ್ಟೇ ತೂಕದ ಹಸುವಿನ ಹಾಲಲ್ಲಿ 120 ಇರಬಹುದು. ನಾರು ಬಿಳಿ ಅಕ್ಕಿಗಿಂತ ಮೂರು ನಾಲ್ಕು ಪಟ್ಟು. ಇಷ್ಟೆಲ್ಲ ಇದ್ರೂ ರಾಗಿನೂ ಪಿಷ್ಟನೇ, ಅದನ್ನ ಮರೀಬಾರದು. ಎರಡು ದೊಡ್ಡ ಮುದ್ದೆ ನುಂಗಿ, ಸಾರಲ್ಲಿ ನಾಲ್ಕು ಕಾಳು ತೇಲ್ತಿದ್ರೆ, ಅಥವಾ ನುಣ್ಣಗಿನ ರಾಗಿ ಹಿಟ್ಟಿಗೆ ಬೆಲ್ಲ ಸುರಿದು ಮಾಲ್ಟ್ ಕುಡಿದ್ರೆ ಶುಗರ್ ಏರೇ ಏರುತ್ತೆ. ಕೋಲಾರ, ಮಂಡ್ಯ ಕಡೆಯಿಂದ ಬರೋ ಪೇಷಂಟ್‌ಗಳು ರಾಗಿ ತಿಂತೀನಿ ಆದ್ರೂ ಯಾಕೆ ಅಂತ ಕೇಳಿದಾಗ ನಾನು ಜೊತೆಗೆ ಏನು ತಿಂದ್ರಿ ಅಂತ ಕೇಳ್ತೀನಿ. ಗಾದೆ ಹುಟ್ಟಿದ ಕಾಲದಲ್ಲಿ ರಾಗಿ ಒಂಟಿಯಾಗಿರ್ಲಿಲ್ಲ.

ಅದು ಯಾರ ಜೊತೆ ಇತ್ತು ಅಂತ ಹೇಳ್ತೀನಿ, ಬಸ್ಸಾರು. ಮಾಡೋದು ಗೊತ್ತಿರೋರು ಕ್ಷಮಿಸಿ, ನಂಗೆ ಇದನ್ನ ಹೇಳದೆ ಇರಕ್ಕಾಗಲ್ಲ. ನಮ್ಮಮ್ಮ ರಾತ್ರಿ ಹುರಳಿಕಾಳು ನೆನೆಹಾಕೋರು. ಬೆಳಗ್ಗೆ ನೆನೆದ ನೀರು ಚೆಲ್ಲಿ, ಹೊಸ ನೀರಲ್ಲಿ ಬೇಯಕ್ಕಿಟ್ಟು, ಕಾಳು ಮುಕ್ಕಾಲು ಬೆಂದಾಗ ಹೆಚ್ಚಿದ ದಂಟಿನ ಸೊಪ್ಪೋ ಕೀರೆ ಸೊಪ್ಪೋ ಎರಡು ದೊಡ್ಡ ಕಟ್ಟು ಅದಕ್ಕೆ ಹಾಕೋರು, ಪಾತ್ರೆ ತುಂಬಿ ಮೇಲಕ್ಕೆ ಬಂದಿದ್ದ ಸೊಪ್ಪು ಐದೇ ನಿಮಿಷದಲ್ಲಿ ಕುಗ್ಗಿ ಒಳಗೆ ಕೂತ್ಕೊಳ್ಳೋದು. ಆಮೇಲೆ ಮುಚ್ಚಳ ಓರೆ ಮಾಡಿ, ಬಟ್ಟೆ ಹಿಡ್ಕೊಂಡು ಪಾತ್ರೆ ಬಗ್ಗಿಸಿ ಕಟ್ಟು ಬಸಿಯೋರು, ಕಂದು ಬಣ್ಣದ ಕಟ್ಟು, ಆ ಹಬೆ ವಾಸನೆ ನಂಗೆ ಇವತ್ತಿಗೂ ಮೂಗಲ್ಲಿದೆ. ಒಂದು ಹಿಡಿ ಬೆಂದ ಕಾಳು, ಕೆಂಡದಲ್ಲಿ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ ಮೆಣಸು, ಸ್ವಲ್ಪ ಕಾಯಿ, ಹುಣಸೆಹಣ್ಣು ರುಬ್ಬಿ ಆ ಕಟ್ಟಿಗೆ ಹಾಕಿ ಕುದಿಸಿದ್ರೆ ಸಾರು. ಪಾತ್ರೇಲಿ ಉಳಿದ ಕಾಳು ಸೊಪ್ಪಿಗೆ ಒಣಮೆಣಸಿನಕಾಯಿ ಒಗ್ಗರಣೆ ಕೊಟ್ರೆ ಪಲ್ಯ.

ಡಯಟೀಷಿಯನ್ ಕಣ್ಣಲ್ಲಿ ಇದನ್ನ ನೋಡಿ. ಸೊಪ್ಪು ಬೇಯುವಾಗ ನೀರಿಗೆ ಇಳಿಯೋ ಫೋಲೇಟ್, ಪೊಟ್ಯಾಶಿಯಂ, ಬಿ ವಿಟಮಿನ್‌ಗಳು ಚರಂಡಿಗೆ ಹೋಗ್ಲಿಲ್ಲ, ಸಾರಾಗಿ ತಟ್ಟೆಗೆ ಬಂತು. ನೆನೆಸಿದ್ದರಿಂದ ಕಬ್ಬಿಣ, ಜಿಂಕ್‌ನ ಹಿಡಿದಿಟ್ಕೊಳ್ಳೋ ಫೈಟೇಟ್ ಕಮ್ಮಿ ಆಯ್ತು. ಹುರಳಿ ಅಂದ್ರೆ 100 ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನ್, ಪ್ರೋಟೀನ್ ಕಟ್ಟೋ ಇಟ್ಟಿಗೆಗಳಲ್ಲಿ ಲೈಸಿನ್ ಅನ್ನೋದು ಅದರಲ್ಲಿ ಹೆಚ್ಚು, ಮೆಥಿಯೊನಿನ್ ಅನ್ನೋದು ಕಮ್ಮಿ, ರಾಗಿಯಲ್ಲಿ ಅದು ಉಲ್ಟಾ, ಎರಡೂ ಸೇರಿದ್ರೆ ಒಂದರ ಕೊರತೆ ಇನ್ನೊಂದು ತುಂಬಿಕೊಡುತ್ತೆ. ಮತ್ತೆ ಮುಖ್ಯವಾಗಿ, ಪ್ರತಿಯೊಬ್ಬರ ತಟ್ಟೇಲೂ ಪಲ್ಯ 35 ಗ್ರಾಂ ಇರ್ತಿರ್ಲಿಲ್ಲ, ಕೈತುಂಬ ಇರೋದು. ಒಂದು ಪಾತ್ರೆ, ಒಂದು ಒಲೆ, ಬಡವರ ಮನೆ ಅಡುಗೆ. ಇದಕ್ಕಿಂತ ಒಳ್ಳೆ ಗಿಡದ ಊಟನ ಯಾವ ದೇಶದಿಂದಲೂ ತರಬೇಕಾಗಿಲ್ಲ.

ಉತ್ತರ ಕರ್ನಾಟಕದವರು ಇಲ್ಲಿದ್ದೀರಿ, ನಿಮ್ಮ ತಟ್ಟೆ ಬಗ್ಗೆ ನಂಗೆ ಸ್ವಲ್ಪ ಹೊಟ್ಟೆಕಿಚ್ಚೇ ಇದೆ. ಜೋಳದ ರೊಟ್ಟಿ, ಪುಂಡಿಪಲ್ಯ, ಮಡಕಿಕಾಳು, ಪಕ್ಕದಲ್ಲಿ ಹಸಿ ಮೆಂತ್ಯ ಸೊಪ್ಪು, ಉಳ್ಳಾಗಡ್ಡಿ, ಸೌತೆಕಾಯಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ. ಅಗಸೆ ಬೀಜದಲ್ಲಿ ಗಿಡದ ಒಮೆಗಾ 3 ಇದೆ, ಆದ್ರೆ ಇಡೀ ಬೀಜ ನುಂಗಿದ್ರೆ ಹಾಗೇ ಹೊರಗೆ ಹೋಗುತ್ತೆ, ಪುಡಿ ಮಾಡ್ಬೇಕು. ನಿಮ್ಮ ಅಜ್ಜಿಯಂದಿರು ಹುರಿದು ಕುಟ್ಟಿ ಚಟ್ನಿ ಪುಡಿನೇ ಮಾಡಿದ್ರು. ಮಲೆನಾಡಿನ ಒಂದೆಲಗದ ತಂಬುಳಿ, ಕರಾವಳಿಯ ಬಸಳೆ, ಹೇಳ್ತಾ ಹೋದ್ರೆ ಸಂಜೆ ಆಗುತ್ತೆ.

ಬೇರೆ ಕಡೆ ಏನು ಪುರಾವೆ ಇದೆ ಅಂತ ಬೇಗ ಹೇಳಿ ಮುಗಿಸ್ತೀನಿ. ಅಮೆರಿಕದಲ್ಲಿ 1997ರಲ್ಲಿ ಡ್ಯಾಶ್ ಅನ್ನೋ ಪ್ರಯೋಗ, 459 ಜನಕ್ಕೆ ಊಟ ಇವರೇ ಕೊಟ್ಟು ನೋಡಿದ್ದು. ಉಪ್ಪು ಎಲ್ಲರಿಗೂ ಒಂದೇ ಮಟ್ಟ ಇಟ್ಟು, ತರಕಾರಿ ಹಣ್ಣು ಇಡೀ ಧಾನ್ಯ ಕೊಬ್ಬು ಕಮ್ಮಿ ಇರೋ ಹಾಲು ಹೆಚ್ಚು ಮಾಡಿದ್ರು. ಬಿಪಿ ಇದ್ದವರಲ್ಲಿ ಮೇಲಿನ ನಂಬರ್ 11 ಪಾಯಿಂಟ್ ಇಳೀತು, ಎರಡು ವಾರದಲ್ಲೇ ಇಳಿಯೋಕೆ ಶುರುವಾಯ್ತು. ಒಂದು ಮಾತ್ರೆ ಮಾಡೋ ಕೆಲಸ ಅದು. ಸ್ಪೇನ್‌ನಲ್ಲಿ 7 ಸಾವಿರಕ್ಕೂ ಹೆಚ್ಚು ಜನರ ಮೇಲೆ ಮಾಡಿದ ಪ್ರಿಡಿಮೆಡ್ ಪ್ರಯೋಗದಲ್ಲಿ ಮೆಡಿಟರೇನಿಯನ್ ಥರದ ಊಟಕ್ಕೆ ಆಲಿವ್ ಎಣ್ಣೆ ಇಲ್ಲ ಬೀಜಗಳನ್ನ ಸೇರಿಸಿದ ಗುಂಪುಗಳಲ್ಲಿ ಹೃದಯಾಘಾತ, ಸ್ಟ್ರೋಕ್‌ನಂಥ ದೊಡ್ಡ ತೊಂದರೆಗಳು ಸುಮಾರು 30% ಕಮ್ಮಿ ಆದ್ವು, ಅವರು ಮೀನು ತಿಂತಾರೆ, ತಟ್ಟೆ ಬಹುಪಾಲು ಗಿಡದ್ದು. ಕ್ಯಾಲಿಫೋರ್ನಿಯಾದ ಲೋಮ ಲಿಂಡದವರು ಅಡ್ವೆಂಟಿಸ್ಟ್ ಅನ್ನೋ ಕ್ರೈಸ್ತ ಪಂಥದ ಜನರ ಮೇಲೆ ಮಾಡಿದ ಅಧ್ಯಯನದಲ್ಲಿ ಸಸ್ಯಾಹಾರಿಗಳಲ್ಲಿ ಸಾವಿನ ಪ್ರಮಾಣ 12% ಕಮ್ಮಿ ಇತ್ತು. ಅಲ್ಲೂ ಗಿಡದ ಊಟದ ಜೊತೆ ಮೀನು ತಿನ್ನೋರು ಇನ್ನೂ ಚೆನ್ನಾಗಿದ್ರು. ಅದಕ್ಕೇ ನಾನು ಪೂರ್ತಿ ಬಿಡಿ ಅನ್ನಲ್ಲ. ಮಾಂಸ ತಿನ್ನೋರು ವಾರಕ್ಕೆ ಒಂದೆರಡು ಸಲ ಮೀನೋ ಕೋಳಿನೋ ಇಟ್ಕೊಳ್ಳಿ, ಸಾಸೇಜ್ ಬೇಕನ್ ಥರದ್ದು ಮಾತ್ರ ಬೇಡ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲೇ ಸಂಸ್ಕರಿಸಿದ ಮಾಂಸ ಕ್ಯಾನ್ಸರ್‌ಗೆ ಕಾರಣ ಅಂತ ಖಚಿತವಾಗಿ ಹೇಳಿದೆ.

ಇನ್ನೊಂದು ಕಡೆನೂ ಹೇಳ್ಬೇಕು, ಮುಚ್ಚಿಟ್ರೆ ನಿಮಗೆ ದ್ರೋಹ ಮಾಡಿದ ಹಾಗೆ. ಬ್ರಿಟನ್‌ನ ಆಕ್ಸ್‌ಫರ್ಡ್ ಅಧ್ಯಯನದಲ್ಲಿ 48 ಸಾವಿರ ಜನರನ್ನ ನೋಡಿದಾಗ ಸಸ್ಯಾಹಾರಿಗಳಲ್ಲಿ ಹೃದಯದ ಕಾಯಿಲೆ 22% ಕಮ್ಮಿ ಇತ್ತು, ಆದ್ರೆ ಸ್ಟ್ರೋಕ್ 20% ಜಾಸ್ತಿ ಕಾಣ್ತು. ಹಾಲು ಮೊಟ್ಟೆನೂ ಬಿಟ್ಟ ವೀಗನ್‌ಗಳಲ್ಲಿ ಮೂಳೆ ಮುರಿತ ಜಾಸ್ತಿ. ಬಿ12 ವಿಟಮಿನ್ ಗಿಡದಲ್ಲಿ ಇಲ್ಲವೇ ಇಲ್ಲ, ಯಾವ ಸೊಪ್ಪಲ್ಲೂ ಇಲ್ಲ. ಸುಸ್ತು, ಪಾದ ಜೋಮು, ಮರೆವು ಅಂತ ಬರೋ ಎಷ್ಟೋ ಸಸ್ಯಾಹಾರಿಗಳ ಬಿ12 ತಳ ಮುಟ್ಟಿರುತ್ತೆ. ನನ್ನ ಹತ್ರ ಬಂದ ಒಬ್ಬ ಹೆಣ್ಮಗಳು ಎರಡು ವರ್ಷ ಪಾದದ ಜೋಮು ಶುಗರ್‌ನಿಂದ ಅಂತಲೇ ನಂಬ್ಕೊಂಡಿದ್ರು, ಯಾರೂ ಬಿ12 ಟೆಸ್ಟ್ ಬರೆದಿರ್ಲಿಲ್ಲ, ಮಾಡಿಸಿದಾಗ ಗೊತ್ತಾಯ್ತು. ಅವರು ಮೆಟ್‌ಫಾರ್ಮಿನ್ ಬೇರೆ ತಗೊಳ್ತಿದ್ರು, ಶುಗರ್‌ಗೆ ಕೊಡೋ ಆ ಮಾತ್ರೆ ವರ್ಷಗಟ್ಟಲೆ ತಗೊಂಡ್ರೂ ಬಿ12 ಇಳಿಯುತ್ತೆ. ಹಾಲು ಮೊಸರು ಚೆನ್ನಾಗಿ ತಗೊಳ್ಳೋರೂ ಒಂದ್ಸಲ ಟೆಸ್ಟ್ ಮಾಡಿಸಿ, ವೀಗನ್ ಆಗಿದ್ರೆ ಮಾತ್ರೆ ಬೇಕೇ ಬೇಕು.

ಇಷ್ಟು ಹೇಳಿ ಪ್ರಶ್ನೆ ಕೇಳಿ ಅಂದೆ.

ಒಬ್ಬ ಹುಡುಗ ಕೇಳಿದ, ಜಿಮ್‌ಗೆ ಹೋಗ್ತೀನಿ, ಇದರಲ್ಲಿ ಪ್ರೋಟೀನ್ ಸಾಕಾಗುತ್ತಾ ಅಂತ. ಬೋರ್ಡ್ ಮೇಲೆ ಲೆಕ್ಕ ಹಾಕಿದ್ವಿ. 85 ಗ್ರಾಂ ಕಾಳಿಂದ 19 ಗ್ರಾಂ, 250 ಗ್ರಾಂ ಧಾನ್ಯದಿಂದ 20ರ ಮೇಲೆ, ಹಾಲಿಂದ 10, ಒಂದು ಹಿಡಿ ಕಡಲೆಬೀಜದಿಂದ 8, ಹತ್ರ ಹತ್ರ 58. 60 ಕೆಜಿ ಇರೋ ಸಾಮಾನ್ಯ ಮನುಷ್ಯನಿಗೆ 50 ಗ್ರಾಂ ಸಾಕು. ಭಾರ ಎತ್ತೋ ಹುಡುಗನಿಗೆ ಇನ್ನೂ ಬೇಕು, ಕಾಳು, ಸೋಯಾ, ಮೊಸರು ಹೆಚ್ಚು ಮಾಡ್ಬೇಕು ಅಂದೆ. ತೊಂದರೆ ಏನಂದ್ರೆ ನಮ್ಮನೆಗಳಲ್ಲಿ ತಲಾ 85 ಗ್ರಾಂ ಬೇಳೆ ಬೇಯಲ್ಲ, ನಾಲ್ಕು ಜನಕ್ಕೆ ಒಂದು ಹಿಡಿ ಬೇಳೆ ಹಾಕಿ ಸಾರು ನೀರು ಮಾಡ್ತೀವಿ.

ಕಾಳು ತಿಂದ್ರೆ ಗ್ಯಾಸ್ ಆಗುತ್ತೆ ಅಂತ ನಾಲ್ಕೈದು ಜನ ಒಟ್ಟಿಗೇ ಹೇಳಿದ್ರು. ನಿಜ, ಆಗುತ್ತೆ. ಅದು ಬ್ಯಾಕ್ಟೀರಿಯಾ ಕೆಲಸ ಮಾಡ್ತಿರೋ ಗುರುತು. ಎಂಟು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಮೊದಲ ವಾರ ದಿನಕ್ಕೆ ಎರಡು ಚಮಚ ಬೆಂದ ಕಾಳಿಂದ ಶುರು ಮಾಡಿ, ಹೆಸರುಕಾಳು ಮೊದಲು, ಕಡಲೆಕಾಳು ಕೊನೆಗೆ. ಮೂರು ನಾಲ್ಕು ವಾರಕ್ಕೆ ಹೊಟ್ಟೆ ಹೊಂದ್ಕೊಳ್ಳುತ್ತೆ.

ಕಬ್ಬಿಣದ ಮಾತ್ರೆ ತಗೊಳ್ತಿದ್ದ ಒಬ್ರು ಸೊಪ್ಪು ತಿಂದ್ರೂ ಹಿಮೋಗ್ಲೋಬಿನ್ ಏರಲ್ಲ ಅಂದ್ರು. ಊಟ ಆದ ತಕ್ಷಣ ಕಾಫಿ ಕುಡೀತೀರಾ ಅಂತ ಕೇಳಿದೆ. ಹೌದು ಅಂದ್ರು. ಕಾಫಿ ಊಟದ ಕಬ್ಬಿಣ ಮೈಗೆ ಸೇರೋದನ್ನ ತಡೆಯುತ್ತೆ, ನಿಂಬೆಹಣ್ಣು ಸೇರೋಕೆ ನೆರವಾಗುತ್ತೆ. ಊಟಕ್ಕೂ ಕಾಫಿಗೂ ಮಧ್ಯೆ ಒಂದು ಗಂಟೆ ಬಿಡಿ, ಪಲ್ಯಕ್ಕೆ ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿ, ಅಷ್ಟರಲ್ಲೇ ವ್ಯತ್ಯಾಸ ಇದೆ.

ಇಲ್ಲಿ ಒಂದು ಎಚ್ಚರಿಕೆ ಎಲ್ಲರಿಗೂ. ಕಿಡ್ನಿ ತೊಂದರೆ ಇರೋರು ಸೊಪ್ಪು ಹಣ್ಣು ಕಾಳು ಒಮ್ಮೆಲೇ ಹೆಚ್ಚು ಮಾಡ್ಬೇಡಿ, ಪೊಟ್ಯಾಶಿಯಂ ಏರಿದ್ರೆ ಅಪಾಯ. ರಕ್ತ ತೆಳು ಮಾಡೋ ವಾರ್ಫರಿನ್ ಮಾತ್ರೆ ತಗೊಳ್ಳೋರು ಸೊಪ್ಪಿನ ಪ್ರಮಾಣ ದಿಢೀರ್ ಬದಲಾಯಿಸಬೇಡಿ. ಶುಗರ್ ಮಾತ್ರೆ, ಇನ್ಸುಲಿನ್ ಮೇಲಿರೋರು ಅನ್ನ ಅರ್ಧ ಮಾಡಿದ್ರೆ ಶುಗರ್ ತುಂಬಾ ಕೆಳಗೆ ಬಿದ್ದೋಗಬಹುದು, ಅದಕ್ಕೇ ಮೊದಲು ನಿಮ್ಮ ಡಾಕ್ಟರ್‌ಗೆ ಹೇಳಿ ಡೋಸ್ ಸರಿಮಾಡಿಸ್ಕೊಳ್ಳಿ. ಮೇಷ್ಟ್ರೇ, ಇದು ನಿಮಗೆ.

ಹಿಂದಿನ ಸಾಲಿಂದ ಒಬ್ಬ ತಾಯಿ ಕೇಳಿದ್ರು, ತರಕಾರಿ ರೇಟು ನೋಡಿದೀರಾ ಮೇಡಂ, ಐದು ಜನಕ್ಕೆ ದಿನಕ್ಕೆ ಎರಡು ಕೆಜಿ ಎಲ್ಲಿಂದ ತರ್ಲಿ ಅಂತ. ಇದಕ್ಕೆ ನನ್ನ ಹತ್ರ ಸುಲಭದ ಉತ್ತರ ಇಲ್ಲ, ಅವರು ಹೇಳಿದ್ದು ಸತ್ಯ. ಪಡಿತರದಲ್ಲಿ ಧಾನ್ಯ ಬರುತ್ತೆ, ತರಕಾರಿ ಬರಲ್ಲ. ನಾನು ಹೇಳಿದ್ದು ಇಷ್ಟೆ: ಆಯಾ ಕಾಲದ್ದು ತಗೊಳ್ಳಿ, ಮೂಲಂಗಿ, ಸೋರೆಕಾಯಿ, ಸಿಹಿಗುಂಬಳ, ಹೀರೆಕಾಯಿ ಸಿಪ್ಪೆ ಚಟ್ನಿ. ಮೂಲಂಗಿ ಸೊಪ್ಪು, ಹೂಕೋಸಿನ ಎಲೆ ಬಿಸಾಕಬೇಡಿ. ಬೀದಿ ಕೊನೇಲಿ ಒಂದು ನುಗ್ಗೆ ಮರ ಇದ್ರೆ ಇಡೀ ಬೀದಿಗೆ ಸೊಪ್ಪು ಸಿಗುತ್ತೆ. ದುಡ್ಡು ಬಿಸ್ಕತ್ತು, ಚಿಪ್ಸ್, ಕರಿದ ಎಣ್ಣೆಗೆ ತಿಂಗಳಿಗೆ ಎಷ್ಟು ಹೋಗ್ತಿದೆ ಅಂತ ಬರೆದು ನೋಡಿ, ಅದರಲ್ಲಿ ಅರ್ಧ ಈ ಕಡೆ ತಿರುಗಿಸಿದ್ರೂ ಸುಮಾರು ಬರುತ್ತೆ.

ಊಟಕ್ಕೆ ಎದ್ದ ಮೇಲೆ ಒಂದು ನಡೀತು. ಜನ ಅನ್ನ ಕಮ್ಮಿ ಹಾಕ್ಕೊಂಡು ಪಲ್ಯ ಎರಡೆರಡು ಸಲ ಕೇಳಿದ್ರು, ಇಪ್ಪತ್ತು ಜನಕ್ಕೇ ಪಲ್ಯ ಖಾಲಿ, ಕೊನೇಲಿದ್ದವರಿಗೆ ಬರೀ ಸಾರು ಅನ್ನ. ಅಡುಗೆಯವರು ಪಾಪ ಗಾಬರಿಯಾಗಿ ನನ್ನ ಹತ್ರ ಬಂದ್ರು, 60 ಜನಕ್ಕೆ ಅಂತ ಮೂರು ಕೆಜಿ ಬೀನ್ಸ್ ತಂದಿದ್ದೆ, ಯಾವಾಗ್ಲೂ ಅಷ್ಟೇ ತರೋದು, ಯಾವಾಗ್ಲೂ ಉಳಿಯುತ್ತೆ, ಮುಂದಿನ ಸಲ ಎಷ್ಟು ತರಲಿ ಅಂದ್ರು. ತಲಾ 150 ಗ್ರಾಂ ಅಂದ್ರೂ ಒಂಬತ್ತು ಕೆಜಿ ಅಂತ ಹೇಳಿದೆ, ಅಕ್ಕಿ ಮೂರು ಕೆಜಿ ಕಮ್ಮಿ ಹಾಕಿ, ಒಂದೂವರೆ ಕೆಜಿ ಹುರಳಿಕಾಳು ಹಿಂದಿನ ರಾತ್ರಿನೇ ನೆನೆಹಾಕಿ ಅಂದೆ. ಅವರು ಜೇಬಿಂದ ಚೀಟಿ ತೆಗೆದು ಬರ್ಕೊಂಡ್ರು.